ಪಂಜರದ ಕೆಂಪು ಚೀಟಿ

ನಮ್ಮ ಕಚೇರಿಯಲ್ಲಿ ಸಂಭ್ರಮಪಡಲು ದೊಡ್ಡ ಕಾರಣ ಬೇಕಿಲ್ಲ. ಒಂದು ಮಾತು ನಾವು ತಿಳಿದದ್ದಕ್ಕಿಂತ ಎರಡು ವರ್ಷ ಹಳೆಯದು ಎಂದು ಗೊತ್ತಾದರೆ ಸಾಕು, ಕುರ್ಚಿಯಿಂದ ಎದ್ದು ಓಡಾಡತೊಡಗುತ್ತೇವೆ. ಕೆಳಗಿನ ಮಹಡಿಯ ವಿಮಾ ಕಚೇರಿಯವರು ನಮ್ಮನ್ನು ಅರೆಹುಚ್ಚರೆಂದು ತೀರ್ಮಾನಿಸಿ ಬಹಳ ಕಾಲವಾಯಿತು. ಇರಲಿ. ಪರಭಾಷೆಗಳಿಂದ ಬಂದು ನಮ್ಮ ಬಾಯಲ್ಲಿ ನೆಲೆ ನಿಂತ ಮಾತುಗಳ ನಿಘಂಟು ಮಾಡುವುದು ನಮ್ಮ ಕೆಲಸ. ಹದಿನಾರು ವರ್ಷದಿಂದ ಮಾಡುತ್ತಿದ್ದೇನೆ, ಒಂದು ದಿನವೂ ಆಕಳಿಸಿಲ್ಲ.

ಪ್ರತಿ ಮಾತಿಗೂ ಒಂದು ಗೂಡು, ಗೂಡಿನ ತುಂಬ ಅಂಗೈಯಗಲದ ಚೀಟಿಗಳು. ಚೀಟಿಯ ಮೇಲೆ ಆ ಮಾತು ಬಂದ ವಾಕ್ಯ, ಅದು ಸಿಕ್ಕ ಜಾಗ, ದಿನಾಂಕ. ದಿನಾಂಕವಿಲ್ಲದ ಚೀಟಿಗೆ ನಮ್ಮಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ. ನೆನಪು, ಕೇಳಿದ್ದು, ಅಜ್ಜಿ ಹೇಳುತ್ತಿದ್ದದ್ದು, ಇವು ಯಾವುವೂ ನಡೆಯುವುದಿಲ್ಲ. ಏನು ತೆಗೆದುಕೊಂಡು ಹೋದರೂ ಪ್ರಧಾನ ಸಂಪಾದಕರು ಕನ್ನಡಕದ ಮೇಲಿನಿಂದ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ, "ಪುರಾವೆ?" ಹಾಗಾಗಿ ಬೆನ್ನ ಹಿಂದೆ ಅವರ ಹೆಸರೇ ಪುರಾವೆ. ಅವರಿಗೂ ಅದು ಗೊತ್ತು, ಬೇಸರವೇನಿಲ್ಲ.

ಆ ಶುಕ್ರವಾರ ಸಂಜೆ ಐದಕ್ಕೆ 'ನ'ಕಾರದ ಪುಟಗಳು ಮುದ್ರಣಕ್ಕೆ ಹೋಗಬೇಕಿತ್ತು. ಆ ಪುಟಗಳಲ್ಲಿ ನನ್ನ ಪಾಲಿಗೆ ಬಂದಿದ್ದ ಮಾತು 'ನೋ-ಗೋ'. ಕಾಲಿಡಬಾರದ ಜಾಗ ಎಂದು ಈಗ ಎಲ್ಲರಿಗೂ ಗೊತ್ತಿರುವ ಮಾತು.

ಇಂಗ್ಲಿಷಿನಲ್ಲಿ ಅದು ನಡೆದು ಬಂದ ದಾರಿ ಬಲು ಮಜವಾಗಿದೆ. ಮೊದಲು ಅದಕ್ಕೂ ಜಾಗಕ್ಕೂ ಸಂಬಂಧವೇ ಇರಲಿಲ್ಲ. ಆಗದ ಹೋಗದ ಕೆಲಸಕ್ಕೆ ಜನ 'ನೋ ಗೋ' ಎಂದು ಕೈಚೆಲ್ಲುತ್ತಿದ್ದರು, ಅಷ್ಟೆ. ಆಮೇಲೆ ಅದು ಕಾರ್ಖಾನೆ ಹೊಕ್ಕು ಅಳತೆಯ ಸಾಧನವೊಂದರ ತುದಿಗೆ ಹೆಸರಾಯಿತು. ಮುಂದೆ ಬೀದಿಗೂ ಬಂತು. ಜನ ತಮ್ಮ ಕೇರಿಗೆ ಅಡ್ಡಗಟ್ಟೆ ಹಾಕಿ ಪೊಲೀಸರಿಗೂ ಸೈನಿಕರಿಗೂ 'ಇತ್ತ ಬರಬೇಡಿ' ಎಂದ ಜಾಗಗಳು ನೋ-ಗೋ ಏರಿಯಾಗಳಾದವು. ಅಲ್ಲಿಂದ ಮಾತು ಮಗ್ಗುಲು ಬದಲಿಸಿತು. ಒಳಗಿದ್ದವರು ಹೊರಗಿನವರಿಗೆ ಹೇಳಿದ್ದನ್ನು ಈಗ ಹೊರಗಿನವರು ಒಳಗಿನವರ ಬಗ್ಗೆ ಹೇಳತೊಡಗಿದರು: 'ಆ ಕಡೆ ಹೋಗಬೇಡಿ, ಅಲ್ಲಿಯ ಜನ ಸರಿಯಿಲ್ಲ.' ಹಾಗೆ ಹೇಳಿದವರಲ್ಲಿ ಬಹಳ ಮಂದಿ ಆ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಕೊನೆಗೆ ಮಾತಿಗೆ ಜಾಗವೂ ಬೇಡವಾಯಿತು. ಊಟಕ್ಕೆ ಕೂತಾಗ ಎತ್ತಬಾರದ ವಿಷಯ, ಗಂಡ ಹೆಂಡಿರ ನಡುವೆ ಕೆದಕಬಾರದ ಹಳೇ ಜಗಳ, ಎಲ್ಲವೂ ನೋ-ಗೋ.

ನಮ್ಮ ಬಾಯಿಗೆ ಅದು ಬಂದದ್ದು ಹೇಗೆ? ಗೂಡಿನಲ್ಲಿದ್ದ ಅತಿ ಹಳೆಯ ಚೀಟಿ ಇಪ್ಪತ್ತೊಂಬತ್ತು ವರ್ಷದ ಹಿಂದಿನ ಒಂದು ದಿನಪತ್ರಿಕೆಯದು. 'ಪತ್ರಿಕೆಗಳ ಮೂಲಕ ಬಂದದ್ದು' ಎಂದು ಪುರಾವೆಯವರು ಷರಾ ಬರೆದು ಕೈತೊಳೆದುಕೊಂಡಿದ್ದರು. ನನಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳು. ನಾನು ಎಂಟು ವರ್ಷದವಳಿದ್ದಾಗ ನಮ್ಮ ತಾರಸಿಯ ನೀರಿನ ತೊಟ್ಟಿಯ ಹತ್ತಿರ ಹೋದರೆ ಅಮ್ಮ ಕೆಳಗಿನಿಂದಲೇ ಕೂಗುತ್ತಿದ್ದಳು, "ಅದು ನೋ-ಗೋ, ಇಳಿ ಕೆಳಗೆ." ಆಗ ನಮ್ಮ ಮನೆಗೆ ಪತ್ರಿಕೆಯೇ ಬರುತ್ತಿರಲಿಲ್ಲ. ಇಷ್ಟು ಹೇಳಿದ್ದಕ್ಕೆ ಪುರಾವೆಯವರು ಕನ್ನಡಕ ಸರಿಸಿದರು. ಮುಂದಿನ ಪ್ರಶ್ನೆ ನಿಮಗೂ ಗೊತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಅಮ್ಮನ ಮುಂದೆ ಕೂತು ಗೊಣಗಿದೆ. ಅಮ್ಮ ಲೋಹದ ತುಂಡುಗಳನ್ನು ಕಡೆಯುವ ಲೇತ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಪಾಸಣೆಯ ಮೇಜಿನಲ್ಲಿ ಕೂತವಳು. ತುಂಡು ಸರಿ ಇದೆಯೋ ಇಲ್ಲವೋ ಎಂದು ಕೊನೆಯ ಮಾತು ಹೇಳುವವಳು. ಈಗ ವಯಸ್ಸು ಅರವತ್ತೆಂಟು, ಕೊನೆಯ ಮಾತು ಹೇಳುವ ಚಟ ಇನ್ನೂ ಹೋಗಿಲ್ಲ.

"ಪತ್ರಿಕೆಯೋರಂತೆ," ಎಂದಳು ಅಮ್ಮ, ತಟ್ಟೆ ಪಕ್ಕಕ್ಕೆ ಸರಿಸಿ. "ಅವ್ರು ಕಣ್ಣು ಬಿಡೋಕೆ ಮುಂಚೆ ನಾವು ದಿನಕ್ಕೆ ಐವತ್ತು ಸಲ ಅಂತಿದ್ವಿ. ಆ ಮಾತನ್ನ ಜಾಗಕ್ಕೆ ಇಟ್ಟಿದ್ದೇ ನಾನು."

ನನ್ನ ಕೈ ನಿಂತಿತು. "ಹೇಗೆ?"

ಅಮ್ಮ ಎದ್ದು ಹೋಗಿ ಬೀರುವಿನಿಂದ ಮರದ ಡಬ್ಬಿ ತಂದಳು. ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟ ಗೇಜು ಅದರಲ್ಲಿದೆ. ಹಿಡಿಯುದ್ದದ ಉಕ್ಕಿನ ಸಾಧನ, ಎರಡೂ ತುದಿಗೆ ಒಂದೊಂದು ದುಂಡನೆಯ ಗಟ್ಟಿ ಬಿರಡೆ. ನೋಡಿದರೆ ಎರಡೂ ಒಂದೇ ಗಾತ್ರ, ಅಳೆದರೆ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ. ಸಣ್ಣ ಬಿರಡೆ ತುಂಡಿನ ತೂತಿಗೆ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಅದು ಗೋ. ಕೆಂಪು ಉಂಗುರ ಬಳಿದ ದೊಡ್ಡ ಬಿರಡೆ ಇಳಿಯಕೂಡದು, ಅದು ನೋ-ಗೋ. ಅದೂ ಇಳಿಯಿತೆಂದರೆ ತೂತು ದೊಡ್ಡದಾಗಿದೆ, ತುಂಡು ಕೆಟ್ಟಿತು ಎಂದೇ ಅರ್ಥ. ಒತ್ತುವುದು, ತಿರುಚುವುದು, ದೇವರೇ ಕಾಪಾಡು ಎನ್ನುವುದು, ಯಾವುದೂ ಇಲ್ಲ. ಅಳೆಯುವ ಮುಂಚೆ ತುಂಡನ್ನೂ ಗೇಜನ್ನೂ ಒಂದೇ ಮೇಜಿನ ಮೇಲೆ ಒಂದು ಗಂಟೆ ಬಿಡಬೇಕು, ಎರಡೂ ಒಂದೇ ತಂಪಿಗೆ ಬರಬೇಕು. ಅದಕ್ಕೆ ಅವರ ಕಾರ್ಖಾನೆಯ ಮಾತು 'ಬೆವರು ಆರಲಿ'. ನಮ್ಮ ಮನೆಗೂ ಆ ಮಾತು ಬಂದಿತ್ತು. ನಾನು ಶಾಲೆಯಲ್ಲಿ ಜಗಳವಾಡಿಕೊಂಡು ಬಂದರೆ ಅಮ್ಮ ಕಥೆ ಕೇಳುತ್ತಿರಲಿಲ್ಲ. ಮೊದಲು ಬೆವರು ಆರಲಿ, ಆಮೇಲೆ ಹೇಳು ಎನ್ನುತ್ತಿದ್ದಳು.

"ತಪಾಸಣೆ ಕೋಣೆ ಹಿಂದೆ ತಂತಿ ಬಲೆಯ ಒಂದು ಪಂಜರ ಇತ್ತು," ಎಂದಳು ಅಮ್ಮ. "ನೋ-ಗೋ ಇಳಿದ ತುಂಡೆಲ್ಲ ಅದರೊಳಗೆ. ಬೀಗದ ಕೈ ನನ್ನ ಸೊಂಟದಲ್ಲಿ. ಮ್ಯಾನೇಜರ್ ಕೂಡ ಒಳಗೆ ಕಾಲಿಡೋ ಹಾಗಿಲ್ಲ, ಕೆಟ್ಟ ತುಂಡು ಒಳ್ಳೇದ್ರ ಜೊತೆ ಸೇರ್ಕೊಂಡ್ರೆ ಗೊತ್ತಾಗಲ್ಲ ನೋಡು. ಮೊದಮೊದಲು 'ನೋ-ಗೋ ತುಂಡಿನ ಪಂಜರ' ಅಂತಿದ್ವಿ. ಅಷ್ಟುದ್ದ ಯಾರು ಹೇಳ್ತಾರೆ? ನಾನು ಚೀಟಿ ಮೇಲೆ 'ನೋ-ಗೋದೊಳಗೆ ಇಡಿ' ಅಂತ ಬರೆಯೋಕೆ ಶುರು ಮಾಡ್ದೆ. ಆಮೇಲೆ ಎಲ್ಲರ ಬಾಯಲ್ಲೂ ಅದೇ. ಅವರವರ ಮನೆಗೂ ಹೋಯ್ತು."

"ಚೀಟಿ ಅಂದ್ರೆ?"

"ಕೆಂಪು ಚೀಟಿ. ಕೆಟ್ಟ ತುಂಡಿಗೆ ತಂತೀಲಿ ಕಟ್ಟೋದು. ಏನು ಕೆಟ್ಟಿದೆ, ಎಲ್ಲಿಡಬೇಕು, ತಾರೀಕು, ನನ್ನ ಸಹಿ."

ವಾಕ್ಯ, ಜಾಗ, ದಿನಾಂಕ. ನಮ್ಮ ಕಚೇರಿಯವರೇ ಮಾಡಿಟ್ಟ ಹಾಗಿತ್ತು. ನನಗೆ ಕೂರಲು ಆಗಲಿಲ್ಲ, ಎದ್ದು ಅಡುಗೆಮನೆಯಲ್ಲೇ ಎರಡು ಸುತ್ತು ಹಾಕಿದೆ. ಕಾರ್ಖಾನೆ ಮುಚ್ಚಿ ಹತ್ತು ವರ್ಷವಾಗಿದೆ, ಕಾಗದಪತ್ರವೆಲ್ಲ ಗುಜರಿಗೆ ಹೋಗಿದೆ, ಅದು ನನಗೆ ಗೊತ್ತು. ಆದರೂ ಕೇಳಿದೆ, "ಒಂದಾದ್ರೂ ಚೀಟಿ ಉಳಿದಿರತ್ತಾ ಅಮ್ಮ? ಎಲ್ಲಾದ್ರೂ? ಒಂದೇ ಒಂದು?"

"ಒಂದು ಇದೆ," ಎಂದಳು ಅಮ್ಮ. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ತಟ್ಟೆ ಎತ್ತಿಕೊಂಡು ತೊಳೆಯುವ ಕಡೆ ಹೊರಟಳು.

ನನಗೆ ಅರ್ಥವಾಯಿತು. ಅಮ್ಮ ಹಾಗೆ ಮುಖ ತಿರುಗಿಸುವ ವಿಷಯ ಜಗತ್ತಿನಲ್ಲಿ ಒಂದೇ ಇದೆ, ಅದು ಅವಳ ತಮ್ಮ, ನನ್ನ ಸೋದರಮಾವ. ಅವನೂ ಅದೇ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದವನು. ಮೂವತ್ತೊಂದು ವರ್ಷದ ಹಿಂದೆ ಅಮ್ಮ ಅವನು ಮಾಡಿದ, ನಡುವೆ ತೂತಿರುವ ಕೊಳವೆಯಂಥ ಕಂಚಿನ ಬುಷ್‌ಗಳ ಒಂದು ಇಡೀ ಕಂತನ್ನೇ ತಿರಸ್ಕರಿಸಿದಳು. ಅವನು ಏಪ್ರನ್ ಬಿಚ್ಚಿ ಎಸೆದು ಹೊರಗೆ ನಡೆದ, ಮತ್ತೆ ಕಾರ್ಖಾನೆಗೆ ಬರಲಿಲ್ಲ, ಅಕ್ಕನ ಜೊತೆ ಮಾತೂ ಆಡಲಿಲ್ಲ. ಇಷ್ಟೇ ನನಗೆ ಗೊತ್ತಿದ್ದದ್ದು. ಅದನ್ನೂ ಮಾವನ ಹೆಂಡತಿ, ನನ್ನ ಅತ್ತೆ, ಗುಟ್ಟಾಗಿ ಹೇಳಿದ್ದಳು. ಮಾವನ ಮನೆ ನಮ್ಮಿಂದ ಮೂರು ಬೀದಿ ಆಚೆ. ನನ್ನ ಮದುವೆಗೆ ಬಂದು, ಕೊನೆಯ ಸಾಲಿನಲ್ಲಿ ಕೂತು, ಅಮ್ಮ ಅತ್ತ ತಿರುಗುವಷ್ಟರಲ್ಲಿ ಎದ್ದು ಹೋಗಿದ್ದ. ಬೀದಿಯಲ್ಲಿ ಎದುರಾದರೆ ಒಬ್ಬರನ್ನು ಕಂಡು ಇನ್ನೊಬ್ಬರು ರಸ್ತೆ ದಾಟುತ್ತಿದ್ದರು. ನಮ್ಮ ಮನೆಯಲ್ಲಿ ಆ ವಿಷಯ ಎತ್ತುವಂತಿರಲಿಲ್ಲ. ನನ್ನ ಗೂಡಿನಲ್ಲಿದ್ದ ಕೊನೆಯ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

"ಮಾವನ ಹತ್ರ ಇದ್ಯಾ?" ಎಂದು ಕೇಳಿಯೇಬಿಟ್ಟೆ.

ಅಮ್ಮ ನಲ್ಲಿ ಬಿಟ್ಟಳು. ನೀರಿನ ಸದ್ದಿಗೆ ಕೇಳಿಸಲಿಲ್ಲ ಎಂಬ ನಾಟಕ. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ನನಗೆ ಸಿಟ್ಟು ಬಂದರೆ ಸಣ್ಣದಾಗಿ ಬರುವುದಿಲ್ಲ. "ಐದು ಗಂಟೆಗೆ ಪುಟ ಹೋಗತ್ತೆ. ಆಮೇಲೆ ಇನ್ನಿಪ್ಪತ್ತು ವರ್ಷ ಆ ನಿಘಂಟು ತೆಗೆದವರೆಲ್ಲ ಅದನ್ನ ಪತ್ರಿಕೆಯೋರ ಮಾತು ಅಂತಾನೇ ಓದ್ತಾರೆ. ನಿಂಗದು ಪರವಾಗಿಲ್ಲ ಅಂದ್ರೆ ಹೇಳು, ನಾನು ಸುಮ್ನಾಗ್ತೀನಿ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು, ಬಹಳ ಹೊತ್ತು ಒರೆಸಿಕೊಂಡಳು. "ಕಂತಿಗೆಲ್ಲ ಸೇರಿ ಒಂದೇ ಚೀಟಿ ಕಟ್ಟಿದ್ದೆ, ಮೇಲಿನ ಬುಷ್‌ಗೆ. ಅವನು ಆ ಬುಷ್‌ನ್ನ ಚೀಟಿ ಸಮೇತ ಊಟದ ಡಬ್ಬೀಲಿ ಹಾಕ್ಕೊಂಡು ಹೋದ. ನಾನು ನೋಡ್ದೆ. ಯಾರಿಗೂ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ತಮ್ಮ ಅಲ್ವಾ," ಎಂದಳು. ಆಮೇಲೆ ಗೇಜಿನ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಗೇಜು ಯಾಕೆ ಎಂದು ನಾನು ಕೇಳಲಿಲ್ಲ. ಹೊರಟದ್ದೇ ಹೆಚ್ಚು, ಪ್ರಶ್ನೆ ಕೇಳಿ ಕೆಡಿಸುವಷ್ಟು ದಡ್ಡಿ ನಾನಲ್ಲ.

ಮೂರು ಬೀದಿ ನಡೆಯಲು ಹತ್ತು ನಿಮಿಷ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ: ಎರಡೂ ಮುಕ್ಕಾಲು, ಚೀಟಿ ಕೈಗೆ ಬಂದರೆ ಮೂರಕ್ಕೆ, ಬಸ್ಸು ಹಿಡಿದರೆ ಮೂರೂವರೆಗೆ ಕಚೇರಿ, ಪುರಾವೆಯವರ ಮುಖ ನೋಡಲು ಒಂದೂವರೆ ಗಂಟೆ ಕೈಯಲ್ಲಿ.

ಮಾವ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಬಾಗಿಲು ತೆರೆದ ಅತ್ತೆ ಅಮ್ಮನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅಮ್ಮನನ್ನು ನೋಡಿ, ದಾರಿ ಬಿಟ್ಟಳು. ಮಾವ ಯಂತ್ರವೊಂದನ್ನು ಮಲಗಿಸಿಕೊಂಡು ಎಣ್ಣೆ ಬಿಡುತ್ತಿದ್ದ. ತಲೆ ಎತ್ತಿದ. ಎಣ್ಣೆ ಡಬ್ಬಿ ಕೈಯಲ್ಲೇ ಉಳಿಯಿತು.

ಅವನ ಎದುರಿನ ಗೋಡೆಯಲ್ಲಿ, ಕಣ್ಣಿನ ಮಟ್ಟಕ್ಕೆ, ಒಂದು ಮೊಳೆ. ಮೊಳೆಯಲ್ಲಿ ಮುಷ್ಟಿಗಾತ್ರದ ಕಂಚಿನ ಬುಷ್, ತಂತಿಯಲ್ಲಿ ತೂಗಿಕೊಂಡು. ಅದೇ ತಂತಿಗೆ ಕಟ್ಟಿದ ಒಂದು ಚೀಟಿ, ಕೆಂಪು ಬಣ್ಣ ಹೋಗಿ ಗುಲಾಬಿಗೆ ತಿರುಗಿತ್ತು. ನನ್ನ ಕಾಲು ತಾನಾಗಿ ಅತ್ತ ಹೋಯಿತು. ಮುಟ್ಟದೆ ಓದಿದೆ. ಅಮ್ಮನ ಗುಂಡಗಿನ ಅಕ್ಷರ: 'ಬುಷ್ ಮೂವತ್ತು. ನೋ-ಗೋ ತುದಿ ಇಳಿಯುತ್ತಿದೆ. ಎಲ್ಲವನ್ನೂ ನೋ-ಗೋದೊಳಗೆ ಇಡುವುದು. ಯಾರೂ ಒಳಗೆ ಹೋಗಕೂಡದು.' ಕೆಳಗೆ ತಾರೀಕು. ಪತ್ರಿಕೆಗಿಂತ ಎರಡು ವರ್ಷ, ಒಂದು ತಿಂಗಳು, ನಾಲ್ಕು ದಿನ ಮುಂಚೆ. ಜಾಗದ ಅರ್ಥ, ಹೋಗಬಾರದೆಂಬ ಅರ್ಥ, ಎರಡೂ ಒಂದೇ ಉಸಿರಿನಲ್ಲಿ. ಹದಿನಾರು ವರ್ಷದಲ್ಲಿ ಇಂಥ ಚೀಟಿ ನನ್ನ ಕೈಗೆ ಸಿಕ್ಕಿರಲಿಲ್ಲ. ಖುಷಿಗೆ ಅಳು ಬರುವ ಹಾಗಾಯಿತು.

"ಮಾವ, ಈ ಚೀಟಿ ನಂಗೆ ಬೇಕು," ಎಂದೆ, ಪೀಠಿಕೆ ಗೀಠಿಕೆ ಇಲ್ಲದೆ. ನಿಘಂಟು, ಪತ್ರಿಕೆ, ಐದು ಗಂಟೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

ಮಾವ ಪೂರ್ತಿ ಕೇಳಿಸಿಕೊಂಡ. ಆಮೇಲೆ ನನಗೇ ಹೇಳಿದ, ಆದರೆ ಮಾತು ನನ್ನ ಭುಜ ದಾಟಿ ಹೋಗುತ್ತಿತ್ತು. "ಕೊಡೋಣ. ಆದ್ರೆ ತಂತಿ ಬಿಚ್ಚೋಕೆ ಮುಂಚೆ ಅವಳು ಅದನ್ನ ಅಳೀಬೇಕು. ಅಳೆದ ಮೇಲೆ ಏನಾದ್ರೂ ಮಾಡ್ಕೊಳ್ಳಿ."

ನಾನು ಅಮ್ಮನ ಕಡೆ ತಿರುಗಿದೆ. ಒಂದು ನಿಮಿಷದ ಕೆಲಸ, ಅಳೆದುಬಿಡು ಎಂದು ಕಣ್ಣಲ್ಲೇ ಅಂಗಲಾಚಿದೆ. ಅಮ್ಮ ಕೈಚೀಲ ತೆರೆದಳು. ಮೊಳೆಯಿಂದ ಬುಷ್ಷನ್ನು ಬಟ್ಟೆಯಲ್ಲಿ ಹಿಡಿದು ಇಳಿಸಿ, ಒರೆಸಿ, ಮಾವನ ಮೇಜಿನ ಖಾಲಿ ಮೂಲೆಯಲ್ಲಿಟ್ಟಳು. ಪಕ್ಕದಲ್ಲಿ ಗೇಜು ಇಟ್ಟಳು. ಎರಡನ್ನೂ ಬಿಟ್ಟು ಹಿಂದೆ ಸರಿದು ಕುರ್ಚಿಯಲ್ಲಿ ಕೂತಳು.

"ಏನಮ್ಮಾ?"

"ಬೆವರು ಆರ್ಲಿ," ಎಂದಳು.

ಮಾವನ ಕೈಯಲ್ಲಿದ್ದ ಎಣ್ಣೆ ಡಬ್ಬಿ ಮೇಜಿಗೆ ತಾಗಿ ಟಣ್ ಎಂದಿತು. ಅವನು ಅಕ್ಕನ ಮುಖವನ್ನು ಆಗ ನೇರವಾಗಿ ನೋಡಿದ.

ಒಂದು ಗಂಟೆ. ಮೂರರಿಂದ ನಾಲ್ಕು. ನಾಲ್ಕಕ್ಕೆ ಹೊರಟರೂ ತಲುಪಬಹುದು, ಆದರೆ ಬಸ್ಸು ಕೈಕೊಟ್ಟರೆ ಮುಗಿಯಿತು ಕಥೆ. ನಾನು ಗಡಿಯಾರ ನೋಡಿದೆ, ಬುಷ್ ನೋಡಿದೆ, ಬೀದಿಗೆ ಹೋಗಿ ಬಂದೆ. ಕಚೇರಿಗೆ ಫೋನ್ ಮಾಡಿದೆ.

"ಸಾರ್, 'ನೋ-ಗೋ' ಪುಟ ಹಿಡ್ಕೊಳ್ಳಿ. ಮೂವತ್ತೊಂದು ವರ್ಷದ ಹಿಂದಿನ ಚೀಟಿ ಸಿಕ್ಕಿದೆ."

"ಪುರಾವೆ?"

"ಎದುರಿಗೇ ಇದೆ ಸಾರ್. ಬೆವರು ಆರ್ತಾ ಇದೆ."

"ಐದು ಗಂಟೆ," ಎಂದು ಪುರಾವೆಯವರು ಫೋನ್ ಇಟ್ಟರು.

ಅಕ್ಕ ತಮ್ಮ ಮೇಜಿನ ಎರಡು ಕಡೆ ಕೂತಿದ್ದರು. ಮಾವ ಒಂದು ತಿರುಪನ್ನು ಬಿಚ್ಚಿ ಒರೆಸಿ ಹಾಕುತ್ತಿದ್ದ, ಮತ್ತೆ ಅದನ್ನೇ ಬಿಚ್ಚುತ್ತಿದ್ದ. ಅಮ್ಮ ಬುಷ್ಷಿನ ಮೇಲೆ ಕಣ್ಣಿಟ್ಟು ಕೂತಿದ್ದಳು. ಅವಳ ಮುಖ ನೋಡುತ್ತ ನೋಡುತ್ತ ನನ್ನ ಸಂಭ್ರಮದ ಅಡಿಯಲ್ಲಿ ಏನೋ ಕಸಿವಿಸಿ ಶುರುವಾಯಿತು. ನಾನು ಬಂದದ್ದು ಚೀಟಿಗೆ. ಅಮ್ಮ ಬಂದದ್ದು ಚೀಟಿಗಲ್ಲವೇನೋ ಎಂದು ಆಗ ಹೊಳೆಯಿತು.

ಅರ್ಧ ಗಂಟೆಯಾದ ಮೇಲೆ ಅತ್ತೆ ಎಲ್ಲರಿಗೂ ಟೀ ತಂದಳು. ಲೋಟವನ್ನು ಮೇಜಿನ ಮೇಲಿಡಲು ಬಗ್ಗಿದಳು.

"ಬಿಸಿ ಅಲ್ಲಿಡಬೇಡ," ಎಂದರು ಅಮ್ಮ ಮತ್ತು ಮಾವ, ಇಬ್ಬರೂ ಒಟ್ಟಿಗೆ, ಒಂದೇ ದನಿಯಲ್ಲಿ.

ಅತ್ತೆ ಲೋಟ ಹಿಡಿದುಕೊಂಡೇ ನಿಂತಳು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಆಗಲಿಲ್ಲ. ಮಾವ ತಿರುಪಿನ ಕಡೆ ಬಗ್ಗಿದ. ಅವನ ಕಿವಿ ಕೆಂಪಾಗಿತ್ತು. ನಾವು ಟೀಯನ್ನು ಕಿಟಕಿಯ ಹತ್ತಿರ ನಿಂತು ಕುಡಿದೆವು. ಮತ್ತೆ ಮೇಜಿನ ಹತ್ತಿರ ಬಂದು ಕೂತ ಮೇಲೆ ಅಮ್ಮ ಆ ಹಳೇ ದಿನದ ವಿಷಯ ಎತ್ತಿದಳು, ನನ್ನ ಜೊತೆ ಮಾತಾಡಿದಂತೆ.

"ಅವತ್ತು ಎಲ್ಲರೂ ಆಡ್ಕೊಳ್ತಿದ್ರು. ತಮ್ಮನ ತುಂಡಿಗೆ ಅಕ್ಕ ಕೆಂಪು ಚೀಟಿ ಕಟ್ತಾಳಾ, ನೋಡೇಬಿಡೋಣ ಅಂತ. ನಂಗೆ ಮೈ ಉರೀತು. ಬುಷ್‌ನ್ನ ಕೋಣೆಗೆ ತರಿಸ್ಲಿಲ್ಲ. ಗೇಜು ತಗೊಂಡು ನಾನೇ ಇವನ ಲೇತ್ ಹತ್ರ ಹೋದೆ, ಎಲ್ಲರ ಎದುರಿಗೇ ಅಳೆಯೋಣ, ಆಮೇಲೆ ಯಾರೂ ಬೆರಳು ತೋರಿಸ್ಬಾರ್ದು ಅಂತ. ಮೂವತ್ತಕ್ಕೂ ನೋ-ಗೋ ಇಳೀತು."

"ಲೇತಿಂದ ಆಗ್ತಾನೇ ತೆಗೆದಿದ್ದ ತುಂಡು," ಎಂದ ಮಾವ, ತಿರುಪಿಗೆ ಹೇಳಿದಂತೆ. "ಮುಟ್ಟಿದ್ರೆ ಕೈ ಚುರ್ ಅನ್ನೋದು."

ನಾನು ಲೇತ್ ನಡೆಸಿದವಳಲ್ಲ, ಆದರೂ ಅರ್ಥವಾಯಿತು. ಕಂಚು ಬಿಸಿಗೆ ಹಿಗ್ಗುತ್ತದೆ, ತೂತೂ ಹಿಗ್ಗುತ್ತದೆ. ಬಿಸಿಯಲ್ಲಿ ಇಳಿದ ಬಿರಡೆ ತಣ್ಣಗಾದಾಗ ಇಳಿಯದಿರಬಹುದು. ಒಂದು ಗಂಟೆ ಕಾಯುವುದು ಅದಕ್ಕೇ. ಮೂವತ್ತು ವರ್ಷ ಒಂದು ದಿನವೂ ಆ ಗಂಟೆಯನ್ನು ತಪ್ಪಿಸದ ಅಮ್ಮ, ಪಕ್ಷಪಾತ ಮಾಡಲಿಲ್ಲ ಎಂದು ತೋರಿಸುವ ಆತುರಕ್ಕೆ, ಒಂದೇ ಒಂದು ದಿನ ತಪ್ಪಿಸಿದ್ದಳು.

"ನಾಳೆ ಅಳೆ ಅಂದೆ ನಾನು," ಎಂದ ಮಾವ.

"ಹೌದು, ನೀನಂದೆ. ಎಲ್ಲರ ಮುಂದೆ ತಮ್ಮ ಗೋಗರೀತಿದಾನೆ, ಒಳಗೊಳಗೇ ಸರಿಮಾಡ್ಕೊಳ್ಳೋಕೆ ಟೈಮ್ ಕೇಳ್ತಿದಾನೆ ಅಂದ್ಕೊಂಡೆ. ಗೇಜು ಸುಳ್ಳು ಹೇಳಲ್ಲ ಅಂದೆ. ಯಾಕೆ ನಾಳೆ ಅಂತ ನೀನಾದ್ರೂ ಬಾಯ್ಬಿಟ್ಟು ಹೇಳಿದ್ರೆ..."

"ನಿಂಗೆ ಹೇಳ್ಕೊಡ್ಬೇಕಿತ್ತಾ ಅದನ್ನ?" ಎಂದ ಮಾವ. "ನಂಗೇ ಹೇಳ್ಕೊಟ್ಟೋಳು ನೀನು."

ನನ್ನ ಕಣ್ಣು ತುಂಬಿತು, ಯಾಕೆ ಸುಳ್ಳು ಹೇಳಲಿ. ಒಂದು ಗಂಟೆಯ ಆತುರ, ಒಂದು ವಾಕ್ಯದ ಬಿಗುಮಾನ, ಅದಕ್ಕೆ ಇಬ್ಬರೂ ತೆತ್ತದ್ದು ಮೂವತ್ತೊಂದು ವರ್ಷ. ಆದರೂ ಇನ್ನೂ ಏನೂ ತೀರ್ಮಾನವಾಗಿರಲಿಲ್ಲ. ತುಂಡು ನಿಜವಾಗಿಯೂ ಕೆಟ್ಟಿರಲೂಬಹುದು. ಮಾವ ಇಷ್ಟು ವರ್ಷ ಅದನ್ನು ನೋಡುತ್ತ ಕೂತಿದ್ದನೇ ಹೊರತು ಅಳೆದಿರಲಿಲ್ಲ. ಆ ಬುಷ್ಷಿನ ಅಳತೆಯ ಗೇಜು ಇದ್ದದ್ದು ಅಮ್ಮನ ಡಬ್ಬಿಯಲ್ಲಿ ಮಾತ್ರ.

ಗಡಿಯಾರ ನಾಲ್ಕು ಹೊಡೆಯಿತು. ಅಮ್ಮ ಎದ್ದಳು.

ಮೊದಲು ಗೋ ತುದಿ. ಬುಷ್ಷಿನ ಬಾಯಿಗೆ ನೇರ ಹಿಡಿದು ಬೆರಳು ಸಡಿಲಿಸಿದಳು. ಸರ್ರನೆ ಇಳಿಯಿತು. ಎತ್ತಿದಳು. ಗೇಜನ್ನು ತಿರುಗಿಸಿ ಕೆಂಪು ಉಂಗುರದ ತುದಿಯನ್ನು ಇಟ್ಟಳು. ಅಮ್ಮ ಬೆರಳು ಸಡಿಲಿಸಿದಳು.

ಬಿರಡೆ ಬಾಯಲ್ಲೇ ಕೂತಿತು.

ಅಮ್ಮ ಎತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಇಟ್ಟಳು. ಕೂತಿತು. ಮತ್ತೆ ಕಾಲು ಸುತ್ತು. ಆ ಕಡೆಯಿಂದ ಒಮ್ಮೆ. ಎಷ್ಟು ಸಲ ಇಟ್ಟರೂ ಅದು ಅಲ್ಲಿಂದ ಕದಲಲಿಲ್ಲ.

"ಹೋಗಲ್ಲ," ಎಂದಳು ಅಮ್ಮ. ಗೇಜು ಪಕ್ಕಕ್ಕಿಟ್ಟಳು. "ಸರಿಯಾಗಿದೆ ಕಣೋ. ತಪ್ಪು ನಂದು. ನಿನ್ನ ಮೂವತ್ತು ತುಂಡೂ ಸರಿಯಾಗಿತ್ತು."

ಮಾವ ಕಣ್ಣೊರೆಸಿಕೊಂಡ, ಎಣ್ಣೆ ಕೈಯಿಂದಲೇ. ಕೆನ್ನೆಯ ಮೇಲೆ ಕಪ್ಪು ಗೆರೆ ಬಿತ್ತು. "ಮೂವತ್ತಲ್ಲ," ಎಂದ. "ಇಪ್ಪತ್ತೊಂಬತ್ತು ಕರಗಿಸಿಬಿಟ್ರು. ಅದರ ವಿಷ್ಯ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಇದೊಂದು ಸರಿ ಇದೆ. ಅಷ್ಟೇ ಹೇಳು."

ಎಂಥ ಜನ. ಗೆದ್ದ ಹೊತ್ತಿನಲ್ಲೂ ಅಳತೆ ಮೀರಿ ಒಂದು ಕೂದಲೆಳೆ ತೆಗೆದುಕೊಳ್ಳುವವರಲ್ಲ.

ಮಾವ ಇಕ್ಕಳ ತಂದು ತಂತಿ ಬಿಚ್ಚಿ ಚೀಟಿಯನ್ನು ನನ್ನ ಕೈಗೆ ಕೊಟ್ಟ. ಅದನ್ನು ಹಿಡಿದು ನಾನು ಅಲ್ಲೇ ನಿಂತೆ. ನಾಲ್ಕೂ ಹತ್ತು. ಓಡಬೇಕಿತ್ತು, ಕಾಲು ಏಳಲಿಲ್ಲ. ಅಮ್ಮನ ಜೀವಮಾನದ ಒಂದೇ ತಪ್ಪು, ಅವಳ ಸಹಿಯ ಸಮೇತ, ನಾನು ತೆಗೆದುಕೊಂಡು ಹೋಗಿ ಪುಸ್ತಕದಲ್ಲಿ ಅಚ್ಚು ಹಾಕಿಸಬೇಕೇ? ಬೇಡ ಎನ್ನಿಸಿತು. ಪತ್ರಿಕೆಯವರೇ ಇಟ್ಟುಕೊಳ್ಳಲಿ ಆ ಮಾತನ್ನು.

"ಬಿಡು ಅಮ್ಮ, ಇದನ್ನ ಹಾಕೋದು ಬೇಡ," ಎಂದೆ.

"ಯಾಕೆ ಬೇಡ? ಮಾತು ಸರಿ ಇದೆ, ಅಳತೆ ತಪ್ಪು. ಎರಡನ್ನೂ ಹಾಗಾಗೇ ಬರಿ." ಅಮ್ಮ ಕೈ ಚಾಚಿದಳು. "ಇಲ್ಲಿ ಕೊಡು. ತಪ್ಪಾದ ಚೀಟೀನ ಹರಿಯೋ ಹಾಗಿಲ್ಲ ನಮ್ಮಲ್ಲಿ, ಹಿಂದೆ ತಿದ್ದಬೇಕು."

ಚೀಟಿಯ ಬೆನ್ನಿಗೆ ಬರೆದಳು: 'ಬಿಸಿಯಲ್ಲಿ ಅಳೆದದ್ದು. ತಪಾಸಣೆಯವಳ ತಪ್ಪು. ಈ ತುಂಡು ಸರಿಯಿದೆ.' ಇವತ್ತಿನ ತಾರೀಕು, ಸಹಿ. ಪೆನ್ನನ್ನು ತಮ್ಮನ ಕಡೆ ಚಾಚಿದಳು. ಅವನು ಅಡಿಯಲ್ಲಿ ತನ್ನ ಸಹಿ ಹಾಕಿದ. ಒಂದು ಎಣ್ಣೆಯ ಬೆರಳಚ್ಚೂ ಬಿತ್ತು.

ಆಮೇಲೆ ನಾನು ಓಡಿದ್ದನ್ನು ಬೀದಿಯವರೆಲ್ಲ ನೋಡಿದರು. ಒಂದು ಬಸ್ಸು ತಪ್ಪಿತು, ಇನ್ನೊಂದಕ್ಕೆ ನೇತುಬಿದ್ದೆ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ವಿಮಾ ಕಚೇರಿಯವರು ಬಾಗಿಲಿಗೆ ಬಂದು ನೋಡಿದರು, ನೋಡಲಿ. ಐದಕ್ಕೆ ಎಂಟು ನಿಮಿಷವಿತ್ತು. ಪುರಾವೆಯವರು ಬಾಯಿ ತೆರೆಯುವ ಮೊದಲೇ ಚೀಟಿಯನ್ನು ಅವರ ಮುಂದಿಟ್ಟೆ. ಅವರು ಮುಂಬದಿ ಓದಿದರು. ತಾರೀಕು ಎರಡು ಸಲ ಓದಿದರು. ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಅವರು ಎದ್ದು ಓಡಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಚೀಟಿ ತಿರುಗಿಸಿ ಹಿಂಬದಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

'ಪತ್ರಿಕೆಗಳ ಮೂಲಕ ಬಂದದ್ದು' ಎಂಬ ಷರಾವನ್ನು ತಮ್ಮ ಕೈಯಾರೆ ಹೊಡೆದುಹಾಕಿ, 'ಕಾರ್ಖಾನೆಯ ಪಂಜರದಿಂದ ಬಂದದ್ದು' ಎಂದು ಬರೆದರು. "ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳಿ," ಎಂದರು. "ಪುರಾವೆ ಅಂದ್ರೆ ಇದು."

ನಾನು ಆರೂವರೆಗೆ ಮಾವನ ಮನೆಗೆ ಮರಳಿದಾಗ ಬೀದಿಗೇ ಗದ್ದಲ ಕೇಳುತ್ತಿತ್ತು.

ಒಳಗೆ ಅಮ್ಮ ಯಾರದೋ ಹೊಲಿಗೆ ಯಂತ್ರದ ತಿರುಪೊಂದನ್ನು ಬೆಳಕಿಗೆ ಹಿಡಿದು ಇದು ಸವೆದಿದೆ ಎನ್ನುತ್ತಿದ್ದಳು. ಮಾವ ಇಲ್ಲ ಎನ್ನುತ್ತಿದ್ದ. ಅತ್ತೆ ಬಾಗಿಲಲ್ಲಿ ಕೂತು ಸುಖವಾಗಿ ಕೇಳಿಸಿಕೊಳ್ಳುತ್ತಿದ್ದಳು. ಹೊರಡುವಾಗ ಅಮ್ಮ ಬುಷ್ಷನ್ನು ಎತ್ತಿಕೊಂಡಳು.

"ಅದ್ಯಾಕೆ ನಿಂಗೆ?" ಎಂದ ಮಾವ.

"ಇಷ್ಟು ವರ್ಷ ನೀನು ನೋಡಿದ್ಯಲ್ಲ. ಇನ್ನು ನಾನು ನೋಡ್ತೀನಿ."

ಮನೆಗೆ ಬಂದವಳೇ ಸುತ್ತಿಗೆ ಹುಡುಕಿ ಊಟದ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದಳು. ಭಾನುವಾರ ಮಧ್ಯಾಹ್ನ ಮಾವ, ಅತ್ತೆ ನಮ್ಮ ಮನೆಗೆ ಊಟಕ್ಕೆ ಬಂದರು. ಮಾವ ಕೈತೊಳೆದುಕೊಂಡು ಕೂರಲು ಹೋದವನು ಗೋಡೆ ನೋಡಿ ನಿಂತ.

"ತೆಗಿ ಅಕ್ಕ ಅದನ್ನ," ಎಂದ. "ಸಾಕು."

ಅಮ್ಮ ಅವನ ತಟ್ಟೆಗೆ ಬಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇರ್ಲಿ ಬಿಡು," ಎಂದಳು. "ಇನ್ನೂ ಬೆವರು ಆರಿಲ್ಲ."